ಮುಳುಗಡೆ ಊರಿನ ಹಳೆಯ ರಾಜ್ಯಪತ್ರ, ಜನಗಣತಿ, ಶಾಸನ: ಗ್ರಂಥಾಲಯದಲ್ಲಿ ಏನೆಂದು ಕೇಳಬೇಕು?

ಪ್ರಶ್ನೆ: ಹಿನ್ನೀರಿನ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ.

ನಾನು ಹುಟ್ಟಿದ್ದು ಸಾಗರ ತಾಲ್ಲೂಕಿನ ಕರೂರು ಹೋಬಳಿಯ ಒಂದು ಹಳ್ಳಿಯಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆಯ ಕೆಲಸ ಮುಗಿದು ಶರಾವತಿಯ ನೀರು ಏರಿದಾಗ ಆ ಹಳ್ಳಿ ಹಿನ್ನೀರಿನೊಳಗೆ ಸೇರಿತು. ನನಗೆ ಆಗ ಆರು ವರ್ಷ. ಅಪ್ಪಯ್ಯ ಮನೆಯ ಹೆಂಚು, ಬಾಗಿಲು, ಕಿಟಕಿಗಳನ್ನೆಲ್ಲ ಲಾರಿಗೆ ಹೇರಿಕೊಂಡು ಶಿವಮೊಗ್ಗ ತಾಲ್ಲೂಕಿಗೆ ಬಂದು ನೆಲೆ ನಿಂತರು. ಕೆಲಸದಿಂದ ನಿವೃತ್ತನಾದ ಮೇಲೆ, ಆ ಊರನ್ನು ಕಂಡ ಹಿರಿಯರು ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿರುವುದನ್ನು ನೋಡಿ, ನೂರು ಪುಟಗಳೊಳಗೆ ಅದರ ಚರಿತ್ರೆಯನ್ನು ಬರೆದಿಡೋಣವೆಂದು ಕುಳಿತಿದ್ದೇನೆ. ಬಾಯಿಮಾತಿನ ನೆನಪು ಬೇಕಾದಷ್ಟಿದೆ. ಆದರೆ ಊರಿನಲ್ಲಿ ನಲವತ್ತು ಮನೆಗಳಿದ್ದವೆಂದು ಒಬ್ಬರು ಹೇಳಿದರೆ ಮತ್ತೊಬ್ಬರು ಅರವತ್ತೆನ್ನುತ್ತಾರೆ. ನೋಟಿಸು ಬಂದದ್ದು ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ಎಂದು ಒಬ್ಬರ ವಾದವಾದರೆ, ಆಗಲೇ ಆಲೆಮನೆ ಮುಗಿದಿತ್ತೆಂದು ಇನ್ನೊಬ್ಬರ ಹಟ. ಹೀಗಾಗಿ ಸರ್ಕಾರವೇ ಅಚ್ಚು ಹಾಕಿಸಿದ ಕಾಗದ ನನಗೆ ಬೇಕಾಗಿದೆ.

ಮುಖ್ಯವಾಗಿ ನಾನು ಹುಡುಕುತ್ತಿರುವುದು ನಮ್ಮ ಊರಿನ ಜಮೀನುಗಳನ್ನು ಸ್ವಾಧೀನಪಡಿಸಿಕೊಂಡ ಅಧಿಸೂಚನೆಯನ್ನು. ಅಪ್ಪಯ್ಯನ ಟ್ರಂಕಿನಲ್ಲಿ ಒಂದು ನೋಟಿಸಿನ ತುಂಡು ಸಿಕ್ಕಿದೆ. ಅದರ ತಲೆಯಲ್ಲಿ ಎಲ್‌ಎಕ್ಯೂ ಎಂಬ ಅಕ್ಷರಗಳೂ ಒಂದು ಅಂಕಿಯೂ ಉಳಿದಿವೆ. ಇಸವಿ ಇರಬೇಕಾದ ಜಾಗವನ್ನೇ ಗೆದ್ದಲು ತಿಂದಿದೆ. ಇದಲ್ಲದೆ, ಮುಳುಗುವ ಮುನ್ನ ಊರಿನಲ್ಲಿ ಎಷ್ಟು ಮನೆ, ಎಷ್ಟು ಜನ ಇದ್ದರೆಂಬ ಲೆಕ್ಕವೂ, ದೇವಸ್ಥಾನದ ಎದುರಿಗಿದ್ದ ವೀರಗಲ್ಲಿನ ಬರಹವನ್ನು ಯಾರಾದರೂ ಓದಿ ಪ್ರಕಟಿಸಿದ್ದಾರೆಯೇ ಎಂಬುದೂ ತಿಳಿಯಬೇಕಾಗಿದೆ.

ಕಳೆದ ತಿಂಗಳು ಒಂದು ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ ‘ಹಳೆಯ ಗೆಜೆಟ್ ಬೇಕಿತ್ತು’ ಎಂದೆ. ಅಲ್ಲಿದ್ದ ಹುಡುಗ ಮರ್ಯಾದೆಯಿಂದ ಕೂರಿಸಿ, ಒಳಗಿನಿಂದ ಒಂದು ದಪ್ಪ ಇಂಗ್ಲಿಷ್ ಪುಸ್ತಕವನ್ನು ತಂದು, ರಟ್ಟಿನ ಮೇಲಿನ ಬೂಷ್ಟನ್ನು ಬಟ್ಟೆಯಿಂದ ಒರೆಸಿ ಕೈಗಿಟ್ಟ. ನೋಡಿದರೆ ಅದು ಜಿಲ್ಲಾ ಗ್ಯಾಸೆಟಿಯರ್. ‘ಇದಲ್ಲಪ್ಪಾ’ ಎಂದದ್ದಕ್ಕೆ, ‘ಸರ್ಕಾರದ್ದು ಅಂತ ನಮ್ಮಲ್ಲಿರೋದು ಇದೊಂದೇ ಸಾರ್, ಮಿಕ್ಕಿದ್ದೆಲ್ಲ ಕಾದಂಬರಿ, ಪರೀಕ್ಷೆ ಪುಸ್ತಕ’ ಎಂದ. ಸರ್ಕಾರದ ಪ್ರಕಟಣೆಗಳು ಗ್ರಂಥಾಲಯಗಳ ಮೂಲಕ ಜನರಿಗೆ ಸಿಗಬೇಕಲ್ಲವೇ? ಯಾವುದನ್ನು ಎಲ್ಲಿ, ಏನೆಂದು ಕೇಳಬೇಕು? ತಿಳಿದವರು ದಯವಿಟ್ಟು ಹೇಳಿ.

ಉತ್ತರ 1: ನಿವೃತ್ತ ಗ್ರಂಥಪಾಲಕ, ಶಿವಮೊಗ್ಗ

ಮೇಷ್ಟ್ರೇ, ಆ ಹುಡುಗನ ತಪ್ಪೇನೂ ಇಲ್ಲ. ಗೆಜೆಟ್ ಎಂದವರಿಗೆ ಗ್ಯಾಸೆಟಿಯರ್ ಕೊಡುವುದನ್ನು ನನ್ನ ಸೇವಾವಧಿಯಲ್ಲಿ ಎಷ್ಟು ಸಲ ಕಂಡಿದ್ದೇನೋ ಲೆಕ್ಕವಿಲ್ಲ. ಸೇರಿದ ಹೊಸದರಲ್ಲಿ ನಾನೂ ಕೊಟ್ಟಿದ್ದೇನೆ. ಗೆಜೆಟ್ ಎಂದರೆ ಸರ್ಕಾರದ ಆದೇಶ, ನಿಯಮ, ಅಧಿಸೂಚನೆಗಳು ಅಚ್ಚಾಗುವ ರಾಜ್ಯಪತ್ರ. ಗ್ಯಾಸೆಟಿಯರ್ ಎಂದರೆ ಒಂದು ಜಿಲ್ಲೆಯ ಇತಿಹಾಸ, ಜನಜೀವನ, ಬೇಸಾಯ, ಕೈಗಾರಿಕೆ, ಆಡಳಿತಗಳನ್ನು ಅಧ್ಯಾಯಗಳಾಗಿ ವಿವರಿಸುವ ಗ್ರಂಥ. ನಿಮ್ಮ ಕೈಗೆ ಬಂದದ್ದು ಬಹುಶಃ 1975ರಲ್ಲಿ ಕೆ. ಅಭಿಶಂಕರ್ ಅವರ ಸಂಪಾದಕತ್ವದಲ್ಲಿ ಬಂದ ಶಿವಮೊಗ್ಗ ಜಿಲ್ಲೆಯ ಸಂಪುಟ. ‘ಇದಲ್ಲ’ ಎಂದು ಹಿಂದಿರುಗಿಸಿದ್ದು ಮಾತ್ರ ನಷ್ಟವಾಯಿತು. ಶರಾವತಿ ವಿದ್ಯುತ್ ಯೋಜನೆಯನ್ನು ಕಂಡವರ ಕಾಲದಲ್ಲೇ ಸಿದ್ಧವಾದ ಪುಸ್ತಕವದು. ಇನ್ನೊಮ್ಮೆ ಹೋದಾಗ ಕೊನೆಯ ಪದಸೂಚಿಯಿಂದ ಹಿಡಿದು ನೋಡಿ.

ನೀವು ಕೇಳಿದ ಮೂಲ ಪ್ರಶ್ನೆಗೆ ಬರುತ್ತೇನೆ. ಕಾನೂನಿನ ಮಟ್ಟಿಗೆ ಸಿಗಬೇಕೆಂಬುದೇ ಉತ್ತರ. 1954ರ ಕೇಂದ್ರ ಕಾಯ್ದೆಯೊಂದರ ಪ್ರಕಾರ ದೇಶದಲ್ಲಿ ಪ್ರಕಟವಾದ ಪುಸ್ತಕಗಳ ಪ್ರತಿಗಳು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈನ ಕನ್ನೆಮಾರಾ ಗ್ರಂಥಾಲಯ ಮೊದಲಾದ ಇನ್ನೂ ಮೂರಕ್ಕೂ ಸೇರಬೇಕು. ಕಚೇರಿಯ ಒಳಬಳಕೆಗೆಂದೇ ಅಚ್ಚಾದವನ್ನು ಬಿಟ್ಟರೆ ಸರ್ಕಾರದ ಪ್ರಕಟಣೆಗಳಿಗೂ ಅದು ಅನ್ವಯಿಸುತ್ತದೆ. ನಮ್ಮ ರಾಜ್ಯದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿದೆ. ಬೆಂಗಳೂರಿನ ಕಬ್ಬನ್ ಉದ್ಯಾನದೊಳಗೆ, ಶೇಷಾದ್ರಿ ಅಯ್ಯರ್ ಸ್ಮಾರಕದ ಆ ಕೆಂಪು ಕಟ್ಟಡದಲ್ಲಿ, ರಾಜ್ಯ ಕೇಂದ್ರ ಗ್ರಂಥಾಲಯವಿದೆ. ನೀವೂ ನಾನೂ ಮನೆ ಕಂದಾಯದ ಜೊತೆ ಗ್ರಂಥಾಲಯ ಕರವನ್ನು ಕಟ್ಟುತ್ತಲೇ ಬಂದಿದ್ದೇವೆ. ಆದರೆ ರಾಜಧಾನಿಯ ಗ್ರಂಥಾಲಯಕ್ಕೆ ಬಂದ ಪ್ರತಿ ಜಿಲ್ಲೆಗೂ ಬರುತ್ತದೆಂಬ ಭರವಸೆಯಿಲ್ಲ. ಬಂದದ್ದೂ ನಮ್ಮ ಮಳೆಗಾಲವನ್ನು ದಾಟಿ ಉಳಿಯಬೇಕು. ಜೂನ್‌ನಿಂದ ಅಕ್ಟೋಬರಿನ ತನಕ ಕಿಟಕಿ ತೆರೆಯಲಾಗದ ಕೋಣೆಯಲ್ಲಿ, ಯಾರೂ ಬಿಡಿಸದ ಆಡಳಿತ ವರದಿಗಳ ಹಾಳೆಗಳು ಒಂದಕ್ಕೊಂದು ಅಂಟಿ ಹಲಗೆಯಂತಾಗಿರುವುದನ್ನು ನಾನು ಕೈಯಾರೆ ಬಿಡಿಸಲು ಹೋಗಿ ಹರಿದುಕೊಂಡಿದ್ದೇನೆ.

ಇನ್ನು ಕೇಳುವ ಬಗೆ. ಸರ್ಕಾರದ ಪುಸ್ತಕವನ್ನು ಲೇಖಕರ ಹೆಸರಿನಿಂದ ಹುಡುಕಿದರೆ ಬಹುಮಟ್ಟಿಗೆ ಸಿಗುವುದಿಲ್ಲ, ಏಕೆಂದರೆ ಸೂಚಿಯಲ್ಲಿ ಲೇಖಕನ ಸ್ಥಾನದಲ್ಲಿ ಕುಳಿತಿರುವುದು ಸರ್ಕಾರವೇ: ಮೊದಲು ರಾಜ್ಯದ ಹೆಸರು, ಆಮೇಲೆ ಇಲಾಖೆಯ ಹೆಸರು. ಆ ಹೆಸರು ಪುಸ್ತಕ ಅಚ್ಚಾದ ಕಾಲದ್ದಾಗಿರುತ್ತದೆಯೇ ಹೊರತು ಇಂದಿನದಲ್ಲ. ರಾಜ್ಯ ಕರ್ನಾಟಕವಾದದ್ದು 1973ರ ನವೆಂಬರ್ 1ರಂದು. ಅದಕ್ಕಿಂತ ಹಿಂದಿನ ರಾಜ್ಯಪತ್ರವನ್ನು ನೀವು ಕರ್ನಾಟಕ ರಾಜ್ಯಪತ್ರವೆಂದು ಕೇಳಿದರೆ, ಮೈಸೂರು ಗೆಜೆಟ್ ಎಂದು ಬೆನ್ನಿನ ಮೇಲೆ ಬರೆದ ಬೈಂಡುಗಳ ಎದುರೇ ನಿಂತು ‘ಇಲ್ಲ’ ಎಂದುಬಿಡುತ್ತಾರೆ. ಕಂಪ್ಯೂಟರಿನ ಸೂಚಿಯಲ್ಲಿಯೂ ಶಿವಮೊಗ್ಗ ಎಂಬುದರ ಜೊತೆಗೆ ಇಂಗ್ಲಿಷಿನ ಹಳೆಯ ‘ಶಿಮೊಗ’ ಕಾಗುಣಿತವನ್ನು ಹಾಕಿ ನೋಡಬೇಕು. ಅಧಿಕೃತವಾಗಿ ಅದು ಬದಲಾದದ್ದು 2014ರಲ್ಲಷ್ಟೆ. ಹೊನ್ನಾಳಿ, ಚನ್ನಗಿರಿ ಕಡೆಯವರು ಇದನ್ನು ಓದುತ್ತಿದ್ದರೆ, 1997ಕ್ಕೆ ಮುಂಚಿನದನ್ನು ದಾವಣಗೆರೆಯ ಕಪಾಟಿನಲ್ಲಿ ಹುಡುಕುತ್ತ ಕೂರಬಾರದು. ಅದು ನಮ್ಮ ಜಿಲ್ಲೆಯ ಪುಸ್ತಕಗಳೊಳಗಿದೆ.

ಜನಸಂಖ್ಯೆಯ ಲೆಕ್ಕದಲ್ಲಿ ನಿಮ್ಮ ಅದೃಷ್ಟ ಒಳ್ಳೆಯದಿದೆ. 1961ರ ಜನಗಣತಿ ಆ ವರ್ಷದ ಮಾರ್ಚ್ 1ರ ಸ್ಥಿತಿಯನ್ನು ಹಿಡಿದದ್ದು. ನಿಮ್ಮೂರಿಗೆ ನೀರು ಬಂದದ್ದು ಅದಾದ ಮೂರು ವರ್ಷಕ್ಕೆ. ಆದ್ದರಿಂದ 1961ರ ಶಿವಮೊಗ್ಗ ಜಿಲ್ಲಾ ಜನಗಣತಿ ಕೈಪಿಡಿಯೇ ನಿಮ್ಮ ಊರು ಊರಾಗಿ ಕಾಣಿಸುವ ಕೊನೆಯ ಕೈಪಿಡಿ. ಜನಗಣತಿ ಕೇಂದ್ರ ಸರ್ಕಾರದ ಕೆಲಸವೆಂಬುದು ನಿಜ. ಆದರೂ ಜಿಲ್ಲಾ ಕೈಪಿಡಿಗಳು ರಾಜ್ಯದ ಸಹಯೋಗದಲ್ಲಿ ಬಂದವಾದ್ದರಿಂದ ಗ್ರಂಥಾಲಯಗಳಲ್ಲಿ ಗ್ಯಾಸೆಟಿಯರಿನ ಪಕ್ಕದಲ್ಲೇ ಇಟ್ಟಿರುತ್ತಾರೆ. ಗ್ರಾಮವಾರು ಮನೆ, ಕುಟುಂಬ, ಗಂಡು, ಹೆಣ್ಣು, ಅಕ್ಷರಸ್ಥರು, ದುಡಿಯುವವರು ಎಂದು ಅಂಕಣಗಳಿವೆ. ದುಡಿಯುವವರನ್ನು ಒಂಬತ್ತು ಬಗೆಯಾಗಿ ವಿಂಗಡಿಸಿದ್ದಾರೆ. ಒಂದು ಎಚ್ಚರಿಕೆ ಮಾತ್ರ ಇಟ್ಟುಕೊಳ್ಳಿ. ಅದರಲ್ಲಿರುವುದು ಕಂದಾಯ ಗ್ರಾಮಗಳ ಹೆಸರು. ನಮ್ಮ ಕಡೆ ನಾಲ್ಕು ಮನೆ ಇಲ್ಲಿ, ಎಂಟು ಮನೆ ಗುಡ್ಡದಾಚೆ ಇರುವುದರಿಂದ, ನೀವು ಊರೆನ್ನುವುದು ಬೇರೊಂದು ಗ್ರಾಮದ ಮಜರೆಯಾಗಿದ್ದರೆ ಅದರ ಹೆಸರೇ ಪಟ್ಟಿಯಲ್ಲಿ ಇರುವುದಿಲ್ಲ. ನಲವತ್ತೋ ಅರವತ್ತೋ ಎಂಬ ನಿಮ್ಮ ಹಿರಿಯರ ಜಗಳದ ಮೂಲವೂ ಅಲ್ಲಿಯೇ ಇದ್ದೀತು.

ಉತ್ತರ 2: ಶಂಕರಘಟ್ಟದ ಸಂಶೋಧನಾ ವಿದ್ಯಾರ್ಥಿ

ಸರ್, ಇಷ್ಟೆಲ್ಲದಕ್ಕೆ ಬಸ್ಸು ಹತ್ತಿ ಹೋಗುವ ಅಗತ್ಯವಿಲ್ಲವೆಂದು ನನ್ನ ಅನುಭವ. ಜನಗಣತಿಯ ಹಳೆಯ ಜಿಲ್ಲಾ ಕೈಪಿಡಿಗಳನ್ನು ಜನಗಣತಿ ಇಲಾಖೆಯೇ ಸ್ಕ್ಯಾನ್ ಮಾಡಿ ತನ್ನ ಜಾಲತಾಣದಲ್ಲಿ ಉಚಿತವಾಗಿ ಇಟ್ಟಿದೆ. ಮೈಸೂರಿನ ಹಳೆಯ ಗ್ಯಾಸೆಟಿಯರ್‌ಗಳು, ಬಿ.ಎಲ್. ರೈಸ್ ಅವರ ಸಂಪುಟಗಳು ಹಾಗೂ ಹಯವದನರಾಯರ ಸಂಪುಟಗಳು, ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ. ಈಚಿನ ರಾಜ್ಯಪತ್ರಗಳಿಗೆ ಸರ್ಕಾರದ ಇ-ರಾಜ್ಯಪತ್ರ ತಾಣವಿದೆ.

ವೀರಗಲ್ಲಿನ ವಿಷಯ ನನ್ನ ಅಧ್ಯಯನಕ್ಕೆ ಹತ್ತಿರವಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಇದೇ ರೈಸ್ ಅವರು ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಗಳು ಮೈಸೂರು ಸರ್ಕಾರದ ಪ್ರಕಟಣೆಗಳೇ. ನಮ್ಮ ಜಿಲ್ಲೆಗೆ ಎರಡು ಸಂಪುಟಗಳಿವೆ: 1902ರ ಏಳನೆಯದರಲ್ಲಿ ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ, 1904ರ ಎಂಟನೆಯದರಲ್ಲಿ ಸೊರಬ, ಸಾಗರ, ನಗರ, ತೀರ್ಥಹಳ್ಳಿ. ತಾಳಗುಂದದ ಪ್ರಸಿದ್ಧ ಸ್ತಂಭಶಾಸನ ಶಿಕಾರಿಪುರ 176 ಎಂದು ಏಳನೆಯ ಸಂಪುಟದಲ್ಲಿದೆ. ಇಂದಿಗೂ ವಿದ್ವಾಂಸರು ಅದನ್ನು ಆ ಸಂಖ್ಯೆಯಿಂದಲೇ ಉಲ್ಲೇಖಿಸುತ್ತಾರೆ. ಪ್ರತಿ ತಾಲ್ಲೂಕಿಗೂ ಹೀಗೆ ಪ್ರತ್ಯೇಕ ಸಂಖ್ಯೆಗಳಿದ್ದು, ಪ್ರತಿ ಶಾಸನದ ಜೊತೆ ಊರಿನ ಹೆಸರೂ ಕಲ್ಲು ಇದ್ದ ಜಾಗವೂ ನಮೂದಾಗಿರುತ್ತದೆ. ಹಿರಿಯರು ಹೇಳಿದಂತೆ ಹೆಸರಿನ ತೊಡಕು ಇಲ್ಲಿಯೂ ಇದೆ. ನಗರ ತಾಲ್ಲೂಕೆಂದರೆ ಇಂದಿನ ಹೊಸನಗರದ ಕಡೆಯ ಪ್ರದೇಶ; ಹುಂಚದ ಜೈನ ಶಾಸನಗಳೆಲ್ಲ ಅದರ ಅಡಿಯಲ್ಲಿವೆ. ನಿಮ್ಮ ಊರು ಗಡಿಯ ಹತ್ತಿರವಿದ್ದರೆ ಸಾಗರ, ನಗರ ಎರಡು ಭಾಗಗಳನ್ನೂ ನೋಡಿ. ರೈಸ್ ಅವರ ಕಣ್ಣಿಗೆ ಬೀಳದ ಕಲ್ಲುಗಳು ಎಷ್ಟೋ ಇವೆ. ಆಮೇಲೆ ಆರ್. ನರಸಿಂಹಾಚಾರ್, ಎಂ.ಎಚ್. ಕೃಷ್ಣ ಮೊದಲಾದವರ ಕಾಲದಲ್ಲಿ ಸಿಕ್ಕವು ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳಲ್ಲಿ ಅಚ್ಚಾಗಿವೆ. ಎಂಟನೆಯ ಸಂಪುಟದಲ್ಲಿ ಇಲ್ಲವೆಂದ ಮಾತ್ರಕ್ಕೆ ಕೈಬಿಡಬೇಡಿ.

ಉತ್ತರ 3: ಸಾಗರದ ವಕೀಲೆ

ವಿದ್ಯಾರ್ಥಿ ಮಿತ್ರರು ಶಾಸನದ ಬಗ್ಗೆ ಬರೆದದ್ದು ಉಪಯುಕ್ತವಾಗಿದೆ. ಆದರೆ ಎಲ್ಲವೂ ಮೊಬೈಲಿನಲ್ಲಿ ಸಿಗುತ್ತದೆಂಬ ಮಾತನ್ನು ನಾನು ಒಪ್ಪುವುದಿಲ್ಲ. 1960ರ ಆಸುಪಾಸಿನ ಭೂಸ್ವಾಧೀನದ ಅಧಿಸೂಚನೆಗಾಗಿ ನನ್ನ ಕಕ್ಷಿದಾರರೊಬ್ಬರ ಮೊಮ್ಮಗ ಒಂದು ವಾರ ಅಂತರ್ಜಾಲವನ್ನೆಲ್ಲ ಜಾಲಾಡಿದ. ಕೊನೆಗೆ ಅದು ಸಿಕ್ಕಿದ್ದು ಬೆಂಗಳೂರಿನಲ್ಲಿ, ಬೈಂಡು ಹಾಕಿದ ಮೈಸೂರು ಗೆಜೆಟಿನ ಸಂಪುಟದಲ್ಲಿ, ಮಡಚಿದ ಕಡೆ ಅರ್ಧ ಸಾಲು ಹೊಲಿಗೆಯೊಳಗೆ ಹೋಗಿದ್ದ ಒಂದು ಪುಟದಲ್ಲಿ.

ಮೇಷ್ಟ್ರೇ, ಇಸವಿಯಿಲ್ಲದೆ ರಾಜ್ಯಪತ್ರಕ್ಕೆ ಕೈಹಾಕಬೇಡಿ. ವಾರವಾರ ಬರುವ ಸಂಚಿಕೆ, ಒಂದೊಂದರಲ್ಲೂ ಭಾಗಗಳು, ಸಾಲದ್ದಕ್ಕೆ ನಡುವೆ ವಿಶೇಷ ಸಂಚಿಕೆಗಳು. ಐದು ವರ್ಷದ ರಾಶಿಯನ್ನು ಊಹೆಯ ಮೇಲೆ ತಿರುವಿಹಾಕಲು ಎರಡು ವಾರವಾದರೂ ಸಾಲದು. ನಿಮ್ಮ ಟ್ರಂಕಿನ ತುಂಡಿನಲ್ಲಿರುವ ಎಲ್‌ಎಕ್ಯೂ ಎಂಬುದು ಭೂಸ್ವಾಧೀನ ಪ್ರಕರಣದ ಕಡತದ ಗುರುತು. ಮೊದಲು ಅದರಿಂದ ತಾರೀಖನ್ನು ಹಿಡಿಯಬೇಕು. ನಿಮ್ಮ ತಂದೆಯವರ ಹೆಸರು, ಗ್ರಾಮ, ಗೊತ್ತಿದ್ದರೆ ಸರ್ವೆ ನಂಬರು ಬರೆದು, ಉಪವಿಭಾಗಾಧಿಕಾರಿಗಳ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಪ್ರತಿ ಪುಟಕ್ಕೆ 2 ರೂಪಾಯಿ. ಅರ್ಜಿಯಲ್ಲಿ ‘ಮುಳುಗಡೆಗೆ ಸಂಬಂಧಿಸಿದ ಎಲ್ಲ ದಾಖಲೆ’ ಎಂದು ಬರೆದರೆ ‘ನಿರ್ದಿಷ್ಟವಾಗಿಲ್ಲ’ ಎಂಬ ಹಿಂಬರಹ ಬರುತ್ತದೆ. ‘ಈ ಗ್ರಾಮದ ಭೂಸ್ವಾಧೀನದ ಐತೀರ್ಪಿನ ಪ್ರತಿ’ ಎಂದೇ ಕೇಳಿ. ಐತೀರ್ಪು, ಅಂದರೆ ಪರಿಹಾರವನ್ನು ನಿಗದಿಪಡಿಸಿದ ಆದೇಶ, ಸಿಕ್ಕಿತೆಂದರೆ ಮಿಕ್ಕದ್ದು ಸುಲಭ, ಏಕೆಂದರೆ ಭೂಸ್ವಾಧೀನ ಕಾಯ್ದೆಯ ಕಲಂ 4(1)ರ ಪ್ರಾಥಮಿಕ ಅಧಿಸೂಚನೆ ಮತ್ತು 6(1)ರ ಅಂತಿಮ ಅಧಿಸೂಚನೆ ಯಾವ ತಾರೀಖಿನ ರಾಜ್ಯಪತ್ರದಲ್ಲಿ ಪ್ರಕಟವಾದವೆಂಬುದನ್ನು ಅದರ ಮೊದಲ ಪ್ಯಾರಾಗಳಲ್ಲಿಯೇ ಬರೆದಿರುತ್ತಾರೆ. ಆ ತಾರೀಖು ಹಿಡಿದು ರಾಜ್ಯ ಕೇಂದ್ರ ಗ್ರಂಥಾಲಯಕ್ಕೋ ರಾಜ್ಯ ಪತ್ರಾಗಾರಕ್ಕೋ ಹೋದರೆ ಅರ್ಧ ದಿನದ ಕೆಲಸ.

ನಿಮ್ಮ ಪುಸ್ತಕಕ್ಕೆ ಅಧಿಸೂಚನೆಯ ಬೆಲೆ ತಾರೀಖಿಗಿಂತ ಹೆಚ್ಚಿನದು. ಅದರ ಅನುಸೂಚಿಯಲ್ಲಿ ಸರ್ವೆ ನಂಬರಿನ ಎದುರು ಖಾತೆದಾರರ ಹೆಸರು, ಖುಷ್ಕಿಯೋ ತರಿಯೋ ಬಾಗಾಯ್ತೋ ಎಂಬ ವರ್ಗ, ಎಕರೆ ಗುಂಟೆಗಳ ವಿಸ್ತೀರ್ಣ, ಕೆಲವೆಡೆ ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿಯ ವಿವರ) ಕೂಡ ಇರುತ್ತದೆ. ಯಾರ ತೋಟದ ಪಕ್ಕ ಯಾರ ಗದ್ದೆಯಿತ್ತೆಂದು ನಕ್ಷೆ ಬರೆಯುವಷ್ಟು ವಿವರ ಅದರಲ್ಲಿ ಸಿಗಬಹುದು. ಒಂದು ಕೊರತೆಯನ್ನೂ ಹೇಳಿಬಿಡುತ್ತೇನೆ: ಖಾತೆ ಯಾರ ಹೆಸರಿನಲ್ಲಿತ್ತೋ ಅವರೇ ಅಲ್ಲಿ ಕಾಣಿಸುವುದು. ಗೇಣಿಗೆ ಮಾಡುತ್ತಿದ್ದವರು ಎಷ್ಟು ತಲೆಮಾರು ಉತ್ತಿದ್ದರೂ ಹೆಸರು ಬಾರದೆ ಹೋಗಿರಬಹುದು. ಗೇಣಿದಾರರು ತಮ್ಮ ಹಕ್ಕಿಗಾಗಿ ಹೋರಾಡಿದ 1951ರ ಕಾಗೋಡು ಸತ್ಯಾಗ್ರಹ ನಡೆದದ್ದು ಇದೇ ತಾಲ್ಲೂಕಿನಲ್ಲಿ. ಉಳುವವರಿಗೆ ನಿಜವಾದ ಬಲ ಬಂದದ್ದು 1974ರ ಭೂಸುಧಾರಣಾ ತಿದ್ದುಪಡಿಯ ನಂತರ. ನಿಮ್ಮೂರು ಮುಳುಗಿದ್ದು ಇವೆರಡರ ನಡುವೆ. ರಾಜ್ಯಪತ್ರದ ಪಟ್ಟಿಯನ್ನೇ ಊರಿನ ಪಟ್ಟಿಯೆಂದು ಅಚ್ಚು ಹಾಕಿದರೆ ಗೇಣಿದಾರರ ಮೊಮ್ಮಕ್ಕಳು ನಿಮ್ಮ ಮನೆಗೆ ಬಂದು ಕೇಳುತ್ತಾರೆ, ಅವರು ಕೇಳುವುದು ನ್ಯಾಯವೂ ಹೌದು.

ಜೆರಾಕ್ಸ್ ಮಾಡಬಹುದೇ, ಪುಸ್ತಕದಲ್ಲಿ ಹಾಕಬಹುದೇ ಎಂಬ ಪ್ರಶ್ನೆ ಮುಂದೆ ಬರುತ್ತದೆ. ರಾಜ್ಯಪತ್ರದಲ್ಲಿ ಪ್ರಕಟವಾದ ಅಧಿಸೂಚನೆಯನ್ನು ಮರುಮುದ್ರಿಸುವುದು ಕೃತಿಸ್ವಾಮ್ಯದ ಉಲ್ಲಂಘನೆಯಾಗುವುದಿಲ್ಲ. ಸರ್ಕಾರದ ಉಳಿದ ಪುಸ್ತಕಗಳಿಗೆ ಪ್ರಕಟವಾದ ಮರುವರ್ಷದಿಂದ 60 ವರ್ಷ ಕೃತಿಸ್ವಾಮ್ಯವಿರುತ್ತದೆ. 1904ರ ಶಾಸನ ಸಂಪುಟದಿಂದ ಧಾರಾಳವಾಗಿ ಎತ್ತಿಕೊಳ್ಳಿ. 1975ರ ಗ್ಯಾಸೆಟಿಯರಿನಿಂದ ಬೇಕಾದ ಸಾಲುಗಳನ್ನು ಮೂಲವನ್ನು ಹೇಳಿ ಉದ್ಧರಿಸಿ, ಅಧ್ಯಾಯಗಳನ್ನು ಹಾಗೆಯೇ ಅಚ್ಚು ಹಾಕಬೇಡಿ.

ಮರುಉತ್ತರ: ಹಿನ್ನೀರಿನ ಮೇಷ್ಟ್ರು

ಮೂವರಿಗೂ ಕೃತಜ್ಞತೆಗಳು. ಎರಡು ವಾರಗಳಲ್ಲಿ ಆದದ್ದನ್ನು ತಿಳಿಸುತ್ತೇನೆ.

ಜನಗಣತಿಯ ಕೈಪಿಡಿಯನ್ನು ಮಗಳು ಮೊಬೈಲಿನಲ್ಲಿ ತೆಗೆದುಕೊಟ್ಟಳು. ಗ್ರಂಥಪಾಲಕರು ಅನುಮಾನಪಟ್ಟಂತೆಯೇ ಆಯಿತು: ನಾವು ಊರೆನ್ನುತ್ತಿದ್ದುದು ಮಜರೆ, ಕಂದಾಯ ಗ್ರಾಮದ ಹೆಸರು ಬೇರೆ. ಅದು ಹೊಳೆಯುವವರೆಗೆ ಮೂರು ಸಂಜೆ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದೆವು. ಅರವತ್ತು ಮನೆ ಎಂದವರು ಇಡೀ ಗ್ರಾಮವನ್ನು, ನಲವತ್ತು ಎಂದವರು ನಮ್ಮ ಕೇರಿಯನ್ನು ಲೆಕ್ಕ ಹಿಡಿದಿದ್ದರೆಂದು ಈಗ ಅರ್ಥವಾಗಿದೆ. ಕುತೂಹಲಕ್ಕೆ 1971ರ ಕೈಪಿಡಿಯನ್ನೂ ನೋಡಿದೆ. ಗ್ರಾಮದ ಹೆಸರು ಉಳಿದಿದೆ, ಎದುರಿಗೆ ಜನವಸತಿ ಇಲ್ಲವೆಂದು ಬರೆದಿದ್ದಾರೆ. ಶಾನುಭೋಗರ ಮಾತಿನಲ್ಲಿ ಬೇಚರಾಕ್ ಗ್ರಾಮ.

ಎಂಟನೆಯ ಸಂಪುಟದ ಸಾಗರ ಭಾಗದಲ್ಲಿ ನಮ್ಮ ವೀರಗಲ್ಲು ಇಲ್ಲ. ಪುರಾತತ್ವ ವರದಿಗಳನ್ನು ಇನ್ನೂ ನೋಡಬೇಕು. ಗೇಣಿದಾರರ ವಿಷಯದಲ್ಲಿ ವಕೀಲರು ಹೇಳಿದ್ದು ನನ್ನ ಮನಸ್ಸಿಗೆ ನಾಟಿತು. ನಮ್ಮ ಮನೆಯೂ ಒಂದು ತೋಟವನ್ನು ಗೇಣಿಗೆ ಕೊಟ್ಟಿತ್ತು, ಅವರ ಹೆಸರು ಟ್ರಂಕಿನ ಯಾವ ಕಾಗದದಲ್ಲಿಯೂ ಇಲ್ಲ. ಅವರ ಕುಟುಂಬ ಈಗ ಆನಂದಪುರದ ಕಡೆ ಇದೆಯೆಂದು ಕೇಳಿದ್ದೇನೆ. ಮಾಹಿತಿ ಹಕ್ಕಿನ ಅರ್ಜಿಯನ್ನು ಸೋಮವಾರ ರಿಜಿಸ್ಟರ್ ಅಂಚೆಯಲ್ಲಿ ಕಳುಹಿಸಿದೆ.

ಒಂದೇ ಸಂಶಯ ಉಳಿದಿದೆ. ಬೆಂಗಳೂರಿಗೆ ಹೋಗುವ ಮುನ್ನ ಯಾರ ಪತ್ರವಾದರೂ ಬೇಕಾಗುತ್ತದೆಯೇ?

ಉತ್ತರ 4: ನಿವೃತ್ತ ಗ್ರಂಥಪಾಲಕ, ಶಿವಮೊಗ್ಗ

ಕೇಂದ್ರ ಗ್ರಂಥಾಲಯದಲ್ಲಿ ಕುಳಿತು ಓದಲು ಗುರುತಿನ ಚೀಟಿ ಇದ್ದರೆ ಸಾಕು. ಪತ್ರಾಗಾರಕ್ಕೆ ಹೋಗುವುದಾದರೆ ವಿಷಯವನ್ನೂ ಬೇಕಾದ ವರ್ಷಗಳನ್ನೂ ಬರೆದ ಒಂದು ಮನವಿಯನ್ನು ಮೊದಲೇ ಕಳುಹಿಸಿ, ಒಪ್ಪಿಗೆ ಬಂದ ಮೇಲೆ ಹೊರಡಿ. ಹಳೆಯ ಬೈಂಡುಗಳು ಹೊರಗೆ ತೆಗೆಯಲು ಹೊತ್ತು ಹಿಡಿಯುವುದರಿಂದ ಗ್ರಂಥಾಲಯಕ್ಕೂ ಮುಂಚಿನ ದಿನ ದೂರವಾಣಿ ಮಾಡಿ, ‘ಮೈಸೂರು ಗೆಜೆಟ್, ಇಂಥ ತಿಂಗಳು, ಇಂಥ ವರ್ಷ’ ಎಂದು ಬರೆಸಿಡಿ. ಪೆನ್ನಿನ ಬದಲು ಪೆನ್ಸಿಲ್ ಒಯ್ಯಿರಿ. ಕಾಗದ ಬಹಳ ಸೊರಗಿದ್ದರೆ ಜೆರಾಕ್ಸಿಗೆ ಕೊಡುವುದಿಲ್ಲ, ಆಗ ಫೋನಿನಲ್ಲಿ ಚಿತ್ರ ತೆಗೆಯಲು ಅನುಮತಿ ಕೇಳಿ. ಚಿತ್ರ ತೆಗೆಯುವಾಗ ಅನುಸೂಚಿಯ ಪುಟದ ಜೊತೆಗೆ ಆ ಸಂಚಿಕೆಯ ಮೊದಲ ಪುಟವನ್ನೂ, ತಾರೀಖು ಕಾಣುವಂತೆ, ಮರೆಯದೆ ತೆಗೆದುಕೊಳ್ಳಿ. ನಾನು ಕಂಡ ಹಲವರು ಮನೆಗೆ ಬಂದ ಮೇಲೆ ಅದಕ್ಕಾಗಿಯೇ ಮತ್ತೊಮ್ಮೆ ರೈಲು ಹತ್ತಿದ್ದಾರೆ.